ಬುಡಕ್ಕೆ ಒರಗಿಸಿದ ಕೊಡಲಿ

ಗಿಡ ಕಡಿಯುವ ಗುತ್ತಿಗೆದಾರನಿಗೆ ಕೊಡಲಿಗಿಂತ ಮೊದಲು ಬೇಕಾದದ್ದು ‘ಆಗೂದಿಲ್ಲ’ ಎನ್ನುವ ನಾಲಿಗೆ. ನಮ್ಮ ಕಡೆ ಹುಣಸೆಯಾಗಲಿ, ಆಲವಾಗಲಿ, ಮುಗಿಲು ಮುಟ್ಟಿದ್ದರೂ ಅದು ಗಿಡವೇ. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿ ನಾನು ಕಡಿಸಿದ ಮರಗಳಿಗಿಂತ ಒಲ್ಲೆ ಎಂದು ಬಿಟ್ಟುಬಂದ ಮರಗಳೇ ನನಗೆ ಹೆಚ್ಚು ನೆನಪಿವೆ. “ಸಣ್ಣ ಕೆಲಸ ಐತ್ರಿ, ಅರ್ಧ ತಾಸಿಂದು” ಎಂದು ಯಾರಾದರೂ ಫೋನಿನಲ್ಲಿ ಅಂದರೆ ಸಾಕು, ನನಗೆ ಸಿಟ್ಟು ಬರುತ್ತದೆ. ಹೋಗಿ ನೋಡಿದರೆ ಒಂದು ಟೊಂಗೆ ಕರೆಂಟಿನ ತಂತಿಯ ಮೇಲೆ ಬಿದ್ದಿರುತ್ತದೆ, ಇನ್ನೊಂದು ಬಾಜೂ ಮನೆಯ ಹಂಚಿನ ಮೇಲೆ ಮಲಗಿರುತ್ತದೆ, ಆ ಬಾಜೂ ಮನೆಯವರಿಗೂ ಇವರಿಗೂ ಮಾತು ಬಿಟ್ಟು ಯಾವ ಕಾಲವೋ ಆಗಿರುತ್ತದೆ. ಪರವಾನಗಿ ಆಮೇಲೆ ನೋಡೋಣ ಎನ್ನುವವರ ಮರ, ಬದುವಿನ ಮೇಲಿನ ಜಗಳದ ಮರ, ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಡೊಳ್ಳಿನಂತೆ ಸದ್ದು ಮಾಡುವ ಟೊಳ್ಳು ಮರ. ಇವನ್ನೆಲ್ಲ ಬಿಡುವುದು ಸುಲಭ. ಮುಖ ಗಂಟು ಹಾಕಿಕೊಂಡು ಬೈಕ್ ಹತ್ತಿದರೆ ಮುಗಿಯಿತು.

ಬಿಡಲು ಕಷ್ಟವಾದದ್ದು ಒಂದೇ ಕೆಲಸ. ಅಲ್ಲಿ ಮರದ ತಪ್ಪು ಏನೂ ಇರಲಿಲ್ಲ. ಅದನ್ನು ಏರಬೇಕಾದವನು ನನ್ನ ಅಣ್ಣನಾಗಿದ್ದ, ಮತ್ತು ಏರಿದರೆ ಅವನು ಬೀಳುತ್ತಾನೆಂದು ನನಗೆ ಅನಿಸಿತ್ತು.

ನಾವು ಮೇಲವಂಕಿ ಕಡೆಯ ಕುರಿ ಸಾಕುವ ಮನೆಯವರು, ಅಪ್ಪ ಬಿಡುವಿನಲ್ಲಿ ಗಿಡ ಕಡಿಯಲೂ ಹೋಗುತ್ತಿದ್ದ. ಅಣ್ಣ ಮರ ಏರುವುದನ್ನು ಕಲಿತದ್ದೇ ಆಡುಗಳಿಗಾಗಿ. ಜಾಲಿ, ಬೇವು, ಬನ್ನಿ, ಯಾವುದರ ಸೊಪ್ಪು-ತಪ್ಪಲು ಎಷ್ಟೇ ಎತ್ತರದಲ್ಲಿದ್ದರೂ ಹೋಗಿ ಸವರಿ ಕೆಡವುತ್ತಿದ್ದ. ಕೆಳಗೆ ಆಡುಗಳು ಅವನನ್ನೇ ನೋಡುತ್ತ ನಿಂತಿರುತ್ತಿದ್ದವು. ಮುಂದೆ ನಾನು ಗುತ್ತಿಗೆ ಹಿಡಿಯಲು ಶುರುಮಾಡಿದಾಗ ಏರುವ ಕೆಲಸ ಅವನದಾಯಿತು, ಮಾತಾಡುವುದು ಮತ್ತು ಕೆಳಗೆ ನಿಂತು ಹಗ್ಗ ಹಿಡಿಯುವುದು ನನ್ನದಾಯಿತು. ನನಗೆ ಎತ್ತರ ಆಗಿಬರುವುದಿಲ್ಲ, ಮನೆಯ ಮಾಳಿಗೆ ಹತ್ತಿದರೂ ಗೋಡೆ ಹಿಡಿಯುತ್ತೇನೆ. ಅದಕ್ಕೇ ಅಣ್ಣ ಎಲ್ಲರೆದುರು, “ನಮ್ಮ ತಮ್ಮ ಬಾಯೀಲೆ ಗಿಡಾ ಏರ್ತಾನ್ರಿ, ನಾ ಕಾಲೀಲೆ” ಎಂದು ನಗುತ್ತಿದ್ದ.

ಅವನದೊಂದು ಹಟವಿತ್ತು. ಕೊಡಲಿಯನ್ನು ನೆಲಕ್ಕೆ ಇಟ್ಟರೆ ಅದರ ಹರಿತವಾದ ಬಾಯಿ ಮರದ ಬುಡದ ಕಡೆಗೇ ಇರಬೇಕು, ಕಾವು ಹೊರಗಿರಬೇಕು. ಬರಿಗಾಲಿನಲ್ಲಿ ಓಡಾಡುವವರಿಗೆ ತಾಕಬಾರದೆಂದು ಅಷ್ಟೇ. ಕೂಲಿಗೆ ಬಂದವರು ಹೇಗೆ ಬೇಕೋ ಹಾಗೆ ಒಗೆದರೆ ಮೇಲಿನಿಂದಲೇ ಒದರುತ್ತಿದ್ದ: “ಏ, ಬಾಯಿ ಒಳಗ ಮಾಡ್ರೋ! ಯಾರದರ ಕಾಲ ಬೇಕೇನ ನಿಮಗ?” ರೊಟ್ಟಿ ತಿನ್ನುತ್ತ ಕೂತವನು ಅರ್ಧಕ್ಕೇ ಎದ್ದು ಹೋಗಿ ಕೊಡಲಿ ತಿರುಗಿಸಿ ಬರುತ್ತಿದ್ದ. ಪೆಟ್ರೋಲ್ ಗರಗಸ ಬಂದ ಮೇಲೂ ಈ ಹಟ ಹೋಗಲಿಲ್ಲ. ನನಗೋ ಅದೊಂದು ಕಿರಿಕಿರಿ.

ಮೂಡಲಗಿಯಲ್ಲಿ ಒಬ್ಬ ವ್ಯಾಪಾರಿಯ ಗೋದಾಮಿನ ಹಿಂದೆ ಬೇವಿನ ಮರ ಕಡಿಯುವಾಗ ನನಗೆ ಮೊದಲ ಸಲ ಅಂಜಿಕೆಯಾಯಿತು. ದೊಡ್ಡ ಮರವೇನಲ್ಲ. ಅಣ್ಣ ನಡುವಿನ ಕವಲಿಗೆ ಹೋಗಿ ಸುಮ್ಮನೆ ನಿಂತುಬಿಟ್ಟ. ಆಮೇಲೆ, “ಹಗ್ಗಾ ಬಿಗಿ ಹಿಡಿ” ಅಂದ. ಅಷ್ಟು ವರ್ಷಗಳಲ್ಲಿ ಅವನು ಹಾಗೆ ಕೇಳಿದವನಲ್ಲ. ಕೆಳಗಿಳಿದವನು ಕಾಂಡ ಬಿಡಲಿಲ್ಲ, ಎರಡೂ ತೋಳಿನಿಂದ ತಬ್ಬಿಕೊಂಡು ಹಣೆ ಹಚ್ಚಿ ನಿಂತ. ಚಹಾ ತಂದುಕೊಟ್ಟರೆ ಬಸಿಯಲ್ಲಿ ಸುರುವಿಕೊಳ್ಳುವಾಗ ಅವನ ಕೈ ನಡುಗಿ ಅಂಗಿಯ ಮೇಲೆಲ್ಲ ಚೆಲ್ಲಿತು.

“ಏನಾತಣ್ಣಾ?” ಅಂದೆ.

“ಚಹಾ ಬಿಸಿ ಐತಿ” ಅಂದ.

ದವಾಖಾನೆಗೆ ಹೋಗೋಣ ಎಂದರೆ ಮೈಮೇಲೆ ಬರುತ್ತಿದ್ದ. ಏರಬೇಡ ಎಂದು ನೇರವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಊರೊಳಗೆ ಅವನನ್ನು ಜನ ಗುರುತಿಸುತ್ತಿದ್ದದ್ದೇ ಏರುವವನೆಂದು. ಆ ಹೆಸರನ್ನು ತಮ್ಮನಾದ ನಾನು ಅವನಿಂದ ಹೇಗೆ ಕಿತ್ತುಕೊಳ್ಳಲಿ? ಹಾಗಾಗಿ ಸುಳ್ಳು ಹುಡುಕತೊಡಗಿದೆ. ಈ ಮರದಲ್ಲಿ ಜೇನು ಕಟ್ಟಿದೆ, ಆ ಮರದಲ್ಲಿ ಕಾಗೆ ಮರಿ ಮಾಡಿದೆ, ಇನ್ನೊಂದರ ಯಜಮಾನ ಸರಿಯಿಲ್ಲ. ಕ್ರೇನು ಬರುವಂಥ ಜಾಗದ ಕೆಲಸಗಳನ್ನಷ್ಟೇ ಹಿಡಿದೆ.

ಹೀಗಿರುವಾಗ ನಾನು ಗೋಕಾಕಿನ ಕಟ್ಟಿಗೆ ಕೊಯ್ಯುವ ಸಾಮಿಲ್ಲಿಗೆ ಹೋಗಿದ್ದ ದಿನ ಹುಕ್ಕೇರಿ ಕಡೆಯ ಒಬ್ಬ ವಯಸ್ಸಾದ ರೈತ ನಮ್ಮ ಮನೆಗೇ ಬಂದು ಅಣ್ಣನ ಕೈಯಲ್ಲಿ ಎಲೆ ಅಡಿಕೆ ಕೊಟ್ಟು ಹೋಗಿದ್ದ. ನಮ್ಮ ಧಂದೆಯಲ್ಲಿ ಎಲೆ ಅಡಿಕೆ ಹಿಡಿದರೆ ಕೆಲಸ ಹಿಡಿದಂತೆ. ಅದನ್ನು ಮನುಷ್ಯ ಹಿಂದಿರುಗಿಸುವಂತಿಲ್ಲ, ಮರ ಮಾತ್ರ ಹಿಂದಿರುಗಿಸಬಹುದು. ಅದಕ್ಕೊಂದು ಪದ್ಧತಿಯಿದೆ, ಅಪ್ಪ ಕಲಿಸಿದ್ದು. ಕಡಿಯುವ ಹಿಂದಿನ ಸಂಜೆ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೊಡಲಿಯನ್ನು ಕಾಂಡಕ್ಕೆ ಒರಗಿಸಿ, ‘ನಾಳೆ ಬರ್ತೀವಿ, ಇದ್ದವರು ಜಾಗಾ ಬಿಡ್ರಿ’ ಎಂದು ಹಕ್ಕಿಪಕ್ಕಿಗಳಿಗೆ ಹೇಳಿ ಬರಬೇಕು. ಬೆಳಿಗ್ಗೆ ಕೊಡಲಿ ನಿಂತಿದ್ದರೆ ಮರ ಒಪ್ಪಿದೆ. ಬಿದ್ದಿದ್ದರೆ ಒಪ್ಪಿಲ್ಲ, ಎಲೆ ಅಡಿಕೆ ತಿರುಗಿ ಕೊಟ್ಟು ಹೊರಡಬೇಕು. ಒಮ್ಮೆ ಕರುವೊಂದು ಹಾಯ್ದು ಕೆಡವಿದ್ದನ್ನು ಕಣ್ಣಾರೆ ನೋಡಿದರೂ ಅಪ್ಪ ಕೆಲಸ ಬಿಟ್ಟು ಬಂದಿದ್ದ.

“ಯಾರನ್ನ ಕೇಳಿ ತಗೊಂಡಿ?” ಎಂದು ಅಣ್ಣನ ಮೇಲೆ ಹರಿಹಾಯ್ದೆ.

“ಬಾಣಂತಿ ಇರೂ ಮನಿ ಐತಿ. ಕೂಸ ಮಲಗೂ ಖೋಲಿ ಮ್ಯಾಗ ಟೊಂಗಿ ಐತಂತ. ಒಲ್ಲೆ ಅನ್ನಾಕ ಆಗಲಿಲ್ಲ” ಅಂದ.

ಹೋಗಿ ನೋಡಿದೆವು. ಮುದಿ ಹುಣಸೆ, ಗಟ್ಟಿಯಾಗಿತ್ತು. ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಬಾವಿ. ಓಣಿ ಎಷ್ಟು ಇಕ್ಕಟ್ಟೆಂದರೆ ಎತ್ತಿನ ಗಾಡಿಯೇ ತಿರುಗುವುದಿಲ್ಲ, ಕ್ರೇನು ಎಲ್ಲಿಂದ ಬರಬೇಕು? ಒಬ್ಬನು ತುದಿಯವರೆಗೆ ಏರಿ ತುಂಡು ತುಂಡಾಗಿ ಇಳಿಸಬೇಕು, ಬೇರೆ ದಾರಿಯಿಲ್ಲ. ಮನೆಯವರು ಒಳ್ಳೆಯವರು, ಅದು ಇನ್ನೊಂದು ತೊಂದರೆ. ಕೆಟ್ಟವರಾಗಿದ್ದರೆ ಜಗಳ ತೆಗೆದಾದರೂ ಹೊರಡಬಹುದಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸಿ, “ಇನ್ನೊಂದ್ ತಗೋರಿ” ಎಂದು ಬೆನ್ನು ಹತ್ತಿದರು. ಅಣ್ಣ ತಿನ್ನಲಿಲ್ಲ, ರೊಟ್ಟಿ ಮುರಿದು ಮುರಿದು ತಟ್ಟೆಯ ಅಂಚಿಗೆ ಇಟ್ಟ.

ಸಂಜೆ ಅಣ್ಣನೇ ಬುಡಕ್ಕೆ ಕುಂಕುಮ ಹಚ್ಚಿ ಕೊಡಲಿ ಒರಗಿಸಿದ. ತಲೆ ಎತ್ತಿ ತುದಿಯನ್ನು ನೋಡಲು ಹೋಗಿ, ಕಣ್ಣು ಮುಚ್ಚಿ ಕಾಂಡಕ್ಕೆ ಕೈ ಕೊಟ್ಟ. ಬೆಳಕು ಹರಿಯುವ ಮೊದಲು ಎದ್ದು ನಾನೇ ಆ ಕೊಡಲಿಯನ್ನು ಕೆಡವುವುದೆಂದು ಅಲ್ಲೇ ನಿಶ್ಚಯಿಸಿದೆ. ಅಪ್ಪನ ಪದ್ಧತಿಗೆ ಮೋಸವಾದರೆ ಆಗಲಿ, ಅಣ್ಣ ಉಳಿದರೆ ಸಾಕಿತ್ತು.

ಅವರ ಪಡಸಾಲೆಯಲ್ಲೇ ಮಲಗಿದ್ದೆವು. ಮೂಡಲು ಬೆಳ್ಳಗಾಗುವ ಹೊತ್ತಿಗೆ ಎದ್ದೆ. ಅಣ್ಣ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿದ್ದ. ಸದ್ದಿಲ್ಲದೆ ಹಿತ್ತಿಲಿಗೆ ಹೋದೆ.

ಕೊಡಲಿ ಆಗಲೇ ನೆಲದ ಮೇಲಿತ್ತು.

ಮೊದಲು ಜೀವ ಹಗುರಾಯಿತು. ಗಾಳಿಯೋ ನಾಯಿಯೋ, ಯಾರಾದರೇನು, ನನ್ನ ಕೆಲಸ ಮಾಡಿಕೊಟ್ಟಿತ್ತು. ಹತ್ತಿರ ಹೋಗಿ ಬಗ್ಗಿದೆ. ಬಾಯಿ ಬುಡದ ಕಡೆಗೆ, ಕಾವು ಹೊರಗೆ. ಒಂದಿಷ್ಟೂ ಓರೆಯಿಲ್ಲದೆ ಮಲಗಿತ್ತು. ಅದು ಬಿದ್ದ ಕೊಡಲಿಯಾಗಿರಲಿಲ್ಲ, ಇಟ್ಟ ಕೊಡಲಿಯಾಗಿತ್ತು. ಅಣ್ಣ ನನಗಿಂತ ಮೊದಲೇ ಎದ್ದು ಬಂದು ಹೋಗಿದ್ದಾನೆ. ಸುಳ್ಳು ಮಾಡುವಾಗಲೂ ಆ ಮನೆಯವರ ಕಾಲಿಗೆ ತಾಕೀತೆಂದು ಬಾಯಿ ತಿರುಗಿಸಿಟ್ಟಿದ್ದಾನೆ. ನಾನು ಅಲ್ಲೇ ಬಾವಿಯ ಕಟ್ಟೆಗೆ ಕೂತು ಅತ್ತೆ.

ಆಮೇಲೆ ಎದ್ದು ಕೊಡಲಿಯನ್ನು ಎತ್ತಿ ಹಾಗೇ ಕೈಬಿಟ್ಟೆ. ಬಾಯಿ ಹೊರಗಾಗಿ, ನಿಜವಾಗಿ ಬಿದ್ದಂತೆ ಬಿತ್ತು. ಸ್ವಲ್ಪ ಹೊತ್ತಿಗೆ ಅಣ್ಣ, ಆ ಮನೆಯ ಯಜಮಾನ ಇಬ್ಬರೂ ಬಂದರು. ಅಣ್ಣ ಕೊಡಲಿಯನ್ನು ನೋಡಿದ, ನನ್ನ ಮುಖ ನೋಡಿದ. ಬಗ್ಗಿ ಅದರ ಬಾಯಿಯನ್ನು ಮತ್ತೆ ಒಳಗೆ ತಿರುಗಿಸಿದ.

“ಗಿಡಾ ಒಲ್ಲೆ ಅಂತೈತ್ರಿ” ಎಂದು ನಾನು ಎಲೆ ಅಡಿಕೆ ಚಾಚಿದೆ.

ಆ ಮನುಷ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಗಿಡಾನ ಒಲ್ಲೆ ಅಂದ ಮ್ಯಾಲ ನಾವ್ಯಾರ್ರಿ? ತೊಟ್ಟಿಲಾ ಆಚೀ ಖೋಲಿಗೆ ಕಟ್ತೀವಿ” ಎಂದು ಎಲೆ ಅಡಿಕೆ ತಿರುಗಿ ತೆಗೆದುಕೊಂಡ. ಹೊರಡುವಾಗ ಚಹಾ ಕುಡಿಸದೆ ಬಿಡಲಿಲ್ಲ. ಆ ಹುಣಸೆ ಈಗಲೂ ಅಲ್ಲೇ ಇದೆ.

ದಾರಿಯಲ್ಲಿ ಘಟಪ್ರಭಾದ ಒಂದು ಚಹಾದಂಗಡಿಯ ಮುಂದೆ ಅಣ್ಣ ಬೈಕ್ ನಿಲ್ಲಿಸಲು ಹೇಳಿದ. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಅವು ದಾಟಿದ ಮೇಲೆ, ಚಹಾ ಬಸಿಗೆ ಸುರುವಿಕೊಳ್ಳುತ್ತ ಹೇಳಿದ:

“ಮ್ಯಾಗ ಹೋದಕೂಡ್ಲೆ ನೆಲಾ ತಿರಗತೈತೋ. ಭಾಳ ದಿನಾತು.”

“ಒಂದ್ ಮಾತ ಹೇಳಬಾರದಾಗಿತ್ತಾ?”

“ನೀ ಏರಬ್ಯಾಡ ಅಂತಿ ಅಂತ ದಾರಿ ನೋಡಾಕತ್ತಿದ್ನಿ.”

“ನೀನಽ ಏರೂದಿಲ್ಲ ಅಂತಿ ಅಂತ ನಾ ದಾರಿ ನೋಡಾಕತ್ತಿದ್ನಿ.”

ಅಣ್ಣ ನಕ್ಕ. ಬಸಿ ಅಲುಗಾಡಿತು, ಈ ಸಲ ನಾನು ಅದರ ಕೆಳಗೆ ಕೈ ಹಿಡಿದೆ.

ಬೆಳಗಾವಿಯ ಡಾಕ್ಟರು ತಲೆಯೊಳಗೆ ಗಂಟಿದೆ ಎಂದರು. ತಡವಾಗಿದೆ ಎಂದೂ ಹೇಳಿದರು. ಆಮೇಲಿನ ದಿನಗಳಲ್ಲಿ ಅಣ್ಣ ಹೊರಗಿನ ಕಟ್ಟೆಯ ಮೇಲೆ ಹೊರಸು ಹಾಕಿಸಿಕೊಂಡು ಮಲಗಿರುತ್ತಿದ್ದ. ನನಗೆ ಫೋನು ಬಂದರೆ ಅವನ ಕಿವಿ ಇತ್ತ ಕಡೆಗೇ. “ತಂತಿ ಐತೇನ ಕೇಳು” ಅನ್ನುತ್ತಿದ್ದ. “ಅರ್ಧ ತಾಸು ಅಂತಾನೇನು? ಬ್ಯಾಡ ಅನ್ನು.” ಅವನು ಹೇಳಿದ್ದಕ್ಕೆಲ್ಲ ನಾನು ಬೇಡ ಅಂದೆ. ಕೊನೆಕೊನೆಗೆ ಮಾತು ತೊದಲಿ ಯಾವುದೂ ತಿಳಿಯದಾದಾಗಲೂ ಫೋನು ಕಿವಿಗೆ ಹಿಡಿದು ಅವನ ಕಡೆ ನೋಡುತ್ತಿದ್ದೆ. ಅವನು ತಲೆ ಆಡಿಸುತ್ತಿದ್ದ.

ಅವನನ್ನು ನಮ್ಮ ಹೊಲದ ಅಂಚಿಗೆ, ಅವನು ಆಡುಗಳಿಗೆ ತಪ್ಪಲು ಸವರುತ್ತಿದ್ದ ಬೇವಿನ ಹತ್ತಿರ ಮಣ್ಣು ಮಾಡಿದೆವು. ಕುಣಿ ತೆಗೆದವರು ಬೆವರೊರೆಸಿಕೊಳ್ಳುತ್ತ ಗುದ್ದಲಿ, ಸಲಿಕೆ, ಕೊಡಲಿಗಳನ್ನು ಎಲ್ಲೆಂದರಲ್ಲಿ ಒಗೆದು ನೆರಳಿಗೆ ಹೋಗಿದ್ದರು. ಜನ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಬರುತ್ತಿದ್ದರು. ನಾನು ಒಂದೊಂದನ್ನೇ ಹಿಡಿದು ಬಾಯಿಯನ್ನು ಬೇವಿನ ಬುಡದ ಕಡೆಗೆ ತಿರುಗಿಸಿಡತೊಡಗಿದೆ.

“ಏನ್ ಮಾಡಾಕತ್ತೀರಿ? ಕುಂದರ್ರಿ, ನಾವು ತಗೀತೀವಿ” ಎಂದು ಯಾರೋ ರಟ್ಟೆ ಹಿಡಿದರು.

“ಬಾಯಿ ಹೊರಗ ಇಟ್ರ ಅಣ್ಣಗ ಸೇರೂದಿಲ್ಲ” ಅಂದೆ.