ಕಲ್ಲಿನೊಳಗಿನ ಕಿವಿ

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಯಾವಾಗಲೂ ಸುಣ್ಣಕಲ್ಲಿನ ಬಿಳಿ ಪುಡಿ. ವರ್ಷಾನುಗಟ್ಟಲೆ ಸೂಜಿ ಹಿಡಿದು ಕಲ್ಲು ಕೆರೆದು, ಹಳೆಯ ಎಲುಬುಗಳನ್ನು ಬಿಡಿಸಿದ ಬೆರಳು ಅದು.

ಭಾಲ್ಕಿಯ ಕಾಲೇಜಿನಲ್ಲಿ ಅವರು ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಮನೆ ಬೀದರಿನ ಹಳೇ ಊರಿನಲ್ಲಿ, ತಮ್ಮನ ಸಂಸಾರದ ಜೊತೆ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಪಕ್ಕ ಕೂತವರು ತೊಗರಿ ಮಾರಿ ಬಂದ ರೈತರಾದರೂ ಅವರಿಗೆ ತಿಮಿಂಗಿಲದ ಕತೆ ತಪ್ಪುತ್ತಿರಲಿಲ್ಲ. "ಅದು ಮೀನಲ್ರಿ ಕಾಕಾ. ಅದರ ಮುತ್ತ್ಯಾ ನಾಲ್ಕು ಕಾಲಿನ ಮ್ಯಾಲ ನಡೀತಿದ್ದ!" ಕಾಕಾ ನಗುತ್ತಿದ್ದರು. ಮೇಡಂ ನಗುತ್ತಿರಲಿಲ್ಲ.

ತರಗತಿಯಲ್ಲಿ ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತೊಂದಿತ್ತು: "ನೀರಿಗಿಳಿದ ಮ್ಯಾಲ ಎಲ್ಲಾ ಒಂದೇ ಥರ ಕಾಣ್ತಾವ. ಕಡಲ ಹುಲ್ಲು ಮೇಯೋ ಕಡಲಹಸು ಆನಿ ಬಳಗದ್ದು, ತಿಮಿಂಗಿಲ ನೀರಾನಿ ಬಳಗದ್ದು. ಮೈ ನೋಡಿ ಕುಲ ಹೇಳಬ್ಯಾಡ್ರಿ. ಕಿವಿಯೊಳಗಿನ ಎಲುಬು ನೋಡ್ರಿ."

ಅವರಿಗೆ ಹೆಸರು ತಂದದ್ದು ಗುಜರಾತಿನ ಕಛ್‌ನಲ್ಲಿ ಸಿಕ್ಕ ಒಂದು ಕಲ್ಲು. ಅದರಲ್ಲಿ ದಪ್ಪ ಪಕ್ಕೆಲುಬುಗಳೂ ತಲೆಬುರುಡೆಯ ಹಿಂಭಾಗವೂ ಹುದುಗಿದ್ದವು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಕಡಲಿದ್ದಾಗ ಬದುಕಿದ ಪ್ರಾಣಿ. ಪಕ್ಕೆಲುಬಿನ ದಪ್ಪ ನೋಡಿ ಅದು ಕಡಲಹಸುವಿನ ಪೂರ್ವಜ ಎಂದು ಮೇಡಂ ಮತ್ತು ಅವರ ಪಿಎಚ್.ಡಿ. ಗೈಡ್ ಬರೆದಿದ್ದರು. ಕಿವಿಯ ಎಲುಬು ಮಾತ್ರ ಕಲ್ಲಿನೊಳಗೇ ಉಳಿದಿತ್ತು. ತೆಗೆಯಲು ಹೋದರೆ ಒಡೆಯುವ ಭಯ.

ಆ ಗೈಡ್ ನಿವೃತ್ತರಾಗಿ ಭಾಲ್ಕಿಯಲ್ಲೇ ನೆಲೆಸಿದ್ದರು. ಮೇಡಂ ಅವರನ್ನು ಸರ್ ಎನ್ನುತ್ತಿದ್ದರು, ನಾವೂ ಹಾಗೇ. ಹುಡುಗಿಯನ್ನು ಕಛ್‌ನಷ್ಟು ದೂರ ಕಳಿಸುವುದಿಲ್ಲ ಎಂದು ಮೇಡಂ ಅವರ ಅಬ್ಬಾ ಹಟ ಹಿಡಿದಾಗ, ಸರ್ ತಮ್ಮ ಹೆಂಡತಿಯನ್ನು ಕರೆದುಕೊಂಡು ಬೀದರಿಗೆ ಬಂದಿದ್ದರಂತೆ. "ನಮ್ಮ ಮನಿಯವರೂ ಬರ್ತಾರ. ನಿಮ್ಮ ಮಗಳು ನಮ್ಮ ಮಗಳ ಅಂತ ತಿಳೀರಿ" ಎಂದಿದ್ದರಂತೆ. ಈ ಮಾತು ಹೇಳುವಾಗ ಪ್ರತಿ ಸಲ ಮೇಡಂ ಅವರ ಧ್ವನಿ ಇಳಿಯುತ್ತಿತ್ತು.

ನಾನು ಬೀದರಿನಲ್ಲಿ ಎಂ.ಎಸ್ಸಿ. ಓದುವಾಗ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಆ ವರ್ಷವೇ ದೂರದ ಊರಿನ ಒಬ್ಬ ಯುವ ಸಂಶೋಧಕ ಫೋನ್ ಮಾಡಿದ. ಆ ಪ್ರಾಣಿ ಕಡಲಹಸು ಇರಲಿಕ್ಕಿಲ್ಲ, ತಿಮಿಂಗಿಲದ ಬಳಗ ಇರಬಹುದು, ಕಿವಿ ನೋಡದೆ ತೀರ್ಮಾನಿಸುವಂತಿಲ್ಲ ಎಂದ. ಮೇಡಂ ಅಂದೇ ಸರ್‌ಗೆ ತಿಳಿಸಿದರು. ಸರ್ ಫೋನಿನಲ್ಲಿ ಕೂಗಾಡಿದ್ದು ನನಗೂ ಕೇಳಿಸಿತು. "ಆ ಕಲ್ಲು ಮುಟ್ಟಬ್ಯಾಡ! ನಾ ಜೀವಂತ ಇರೋತನಕ ಮುಟ್ಟಬ್ಯಾಡ!"

ಮೇಡಂ ಎರಡು ವಾರ ಆ ಕಲ್ಲಿನ ಹತ್ತಿರ ಹೋಗಲಿಲ್ಲ. ಆಮೇಲೆ ಸ್ಕ್ಯಾನಿಂಗ್ ಸೆಂಟರಿಗೆ ಒಯ್ದು ನೋಡಿದರು. ಚಿತ್ರದಲ್ಲಿ ಕಲ್ಲು ಯಾವುದು, ಎಲುಬು ಯಾವುದು ತಿಳಿಯಲಿಲ್ಲ. ಕೊನೆಗೆ ಒಂದು ಭಾನುವಾರ ಊಟದ ಟೇಬಲ್ ಮೇಲೆ ಬಟ್ಟೆ ಹಾಸಿ ಕಲ್ಲನ್ನು ಇಟ್ಟರು. "ದೀಪ ಹಿಡಿ ಬೇಟಾ. ಕೈ ಅಲುಗಬಾರದು" ಎಂದರು.

ಮಧ್ಯಾಹ್ನದ ಹೊತ್ತಿಗೆ ಎಲುಬಿನ ಕಂದು ಬಣ್ಣ ಕಾಣಿಸಿತು. ತಮ್ಮನ ಹೆಂಡತಿ ಊಟಕ್ಕೆ ಕರೆದು ಕರೆದು ಸುಮ್ಮನಾದರು. ಸೂಜಿ ಇನ್ನೊಂದು ಕೂದಲೆಳೆಯಷ್ಟು ಒಳಗೆ ಹೋಯಿತು. ಟಿಕ್ ಎಂಬ ಸಣ್ಣ ಸದ್ದು. ಎಲುಬಿನ ಮೇಲೆ ಒಂದು ಬಿರುಕು ಹರಿಯಿತು.

"ಯಾ ಅಲ್ಲಾ" ಎಂದರು, ಅಷ್ಟೇ. ನಾನು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದೆ. ಮೇಡಂ ಅಂಟಿನ ಒಂದು ಹನಿಯನ್ನು ಬಿರುಕಿಗೆ ಬಿಟ್ಟು, ಉಸಿರು ಹಿಡಿದು ಕೂತರು. ಬಿರುಕು ಅಲ್ಲಿಗೇ ನಿಂತಿತು. ಸಂಜೆಯ ಹೊತ್ತಿಗೆ ಅಡಿಕೆ ಗಾತ್ರದ ಎಲುಬೊಂದು ಅವರ ಅಂಗೈಗೆ ಬಂತು. ಅದರ ಒಳಅಂಚು ಊದಿದ ತುಟಿಯಂತೆ ದಪ್ಪಗಿತ್ತು. ನಾನು ಪಾಠದಲ್ಲಿ ಎಷ್ಟೋ ಸಲ ಚಿತ್ರ ಬರೆದ ಗುರುತು. ತಿಮಿಂಗಿಲದ ಬಳಗದ್ದೇ.

ಮರುದಿನ ಅದನ್ನು ಹತ್ತಿಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು ಭಾಲ್ಕಿಗೆ ಹೊರಟರು. ನನ್ನನ್ನೂ ಕರೆದುಕೊಂಡರು. ಬಸ್ಸಿನಲ್ಲಿ ಪಕ್ಕದವರ ಜೊತೆ ಅವರು ಮಾತಾಡದ ದಿನ ಅದೊಂದೇ.

ಸರ್ ಡಬ್ಬಿ ತೆರೆದು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಮುಖ ಕಪ್ಪಿಟ್ಟಿತು.

"ಯಾರಿಗೆ ಹೇಳಿದಿ?"

"ಇನ್ನೂ ಯಾರಿಗೂ ಇಲ್ರಿ ಸರ್. ಮೊದಲ ನಿಮಗ ತೋರಿಸಬೇಕಿತ್ತು."

"ಹಂಗಾದ್ರ ಇಲ್ಲೇ ಇರಲಿ" ಎಂದು ಸರ್ ಎಲುಬನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತರು. ಅಂಟು ಹಾಕಿದ ಎಲುಬು. ಬೆರಳು ಸ್ವಲ್ಪ ಬಿಗಿಯಾದರೂ ಪುಡಿ. ನಾನು ಮೇಡಂ ಮುಖ ನೋಡಿದೆ. ಅವರು ಕೂತಲ್ಲಿಂದ ಏಳಲಿಲ್ಲ, ಕೈಯನ್ನೂ ಚಾಚಲಿಲ್ಲ.

"ನನ್ನ ಹೆಸರು ಏನ್ ಉಳೀತದ ಇದು ಹೊರಗ ಬಿದ್ರ?" ಸರ್ ಧ್ವನಿ ಒಡೆದಿತ್ತು.

"ಆ ಬಿಸಲಾಗ ಈ ಕಲ್ಲ ಹುಡುಕಿದವರು ನೀವ ಸರ್. ಅದ್ಯಾರೂ ಅಳಸಂಗಿಲ್ಲ. ನಾವು ತಪ್ಪು ಹೇಳೀವಿ. ನಾವ ಸರಿ ಮಾಡೋಣ್ರಿ."

"ನಾ ಒಪ್ಪಂಗಿಲ್ಲ ಅಂದ್ರ?"

"ನಾ ಒಬ್ಬಾಕೇ ಹೇಳ್ತೇನಿ. ಆದ್ರ ನೀವು ಕೊಟ್ರನ ತಗೊಂಡು ಹೋಗ್ತೇನಿ."

ಬಹಳ ಹೊತ್ತಿನ ಮೇಲೆ ಸರ್ ಎಲುಬನ್ನು ಹತ್ತಿಯ ಮೇಲೆ ಇಟ್ಟರು. ಇಡುವಾಗ ಮಾತ್ರ ಅವರ ಬೆರಳು ಮೆತ್ತಗಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಸಂಜೆಯೇ ಮೇಡಂ ಯುವ ಸಂಶೋಧಕನಿಗೆ ಫೋನ್ ಮಾಡಿ "ನೀವು ಹೇಳಿದ್ದು ಖರೇ ಅದರಿ" ಎಂದರು. ಇಬ್ಬರೂ ಸೇರಿ ತಿದ್ದುಪಡಿ ಪ್ರಕಟಿಸಿದರು. ಕಾಲೇಜಿನಲ್ಲಿ ಕೆಲವರು ಕುಹಕವಾಡಿದರು. ಅದಕ್ಕೆ ಮೇಡಂ ಕುಗ್ಗಲಿಲ್ಲ. ಆದರೆ ಸರ್ ಆಮೇಲೆ ಅವರ ಫೋನ್ ಎತ್ತಲಿಲ್ಲ. ಪ್ರತಿ ಈದ್‌ಗೆ ಮೇಡಂ ಕಳಿಸುತ್ತಿದ್ದ ಶೀರ್‌ಖುರ್ಮಾ ಪಾಯಸದ ಡಬ್ಬಿ ತೆರೆಯದೆ ವಾಪಸ್ ಬರುತ್ತಿತ್ತು. ಮರು ವರ್ಷ ಮತ್ತೆ ಕಳಿಸುತ್ತಿದ್ದರು.

ನಾನೀಗ ಔರಾದದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ತಪ್ಪಿದಾಗ ತಪ್ಪಾಯಿತು ಎನ್ನುವ ಧೈರ್ಯ ನನಗೆ ಬಂದದ್ದು ಭಾಲ್ಕಿಯ ಆ ಕೋಣೆಯಲ್ಲಿ.

ಕಳೆದ ಚಳಿಗಾಲ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಕೇಳಿ ಬೀದರಿಗೆ ಓಡಿದೆ. ಓಣಿಯಲ್ಲಿ ಗಂಡಸರ ಸಾಲಿನ ಕೊನೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸರ್ ಕೂತಿದ್ದರು. ನನ್ನನ್ನು ಗುರುತಿಸಿ ಹತ್ತಿರ ಕರೆದರು.

"ಮ್ಯೂಸಿಯಂನಾಗ ಇಟ್ಟಾರಂತಲ್ಲ ಆ ಎಲುಬು. ಏನಂತ ಬರದಾರ?"

"ತಿಮಿಂಗಿಲದ ಬಳಗ ಅಂತರಿ ಸರ್."

"ಸರಿ ಅದ" ಎಂದರು. ಕೈಯಲ್ಲಿದ್ದ ಕೋಲಿನ ಹಿಡಿ ಸವರುತ್ತಾ ಮತ್ತೊಮ್ಮೆ, "ಅದ ಸರಿ."

ಮೇಡಂ ಅವರ ಶವವಿದ್ದ ಜನಾಜಾ ಎತ್ತಿದಾಗ ಸರ್ ಕೋಲನ್ನು ಕುರ್ಚಿಗೆ ಆನಿಸಿಟ್ಟು ಎದ್ದರು. ಹೊತ್ತಿದ್ದ ಹುಡುಗರು ನಡಿಗೆ ನಿಧಾನ ಮಾಡಿ, ಅವರ ಹೆಗಲಿಗೆ ಜಾಗ ಬಿಟ್ಟರು.