ಬಾಣಂತಿಯ ನಿದ್ದೆ, ಮಾಳಿಗೆಯ ಬಡಿತ

ಆ ದಿನ ಎಮ್ಮೆ ಹಿಂಡಿದೆ, ಎರಡು ಸೇರು ಜೋಳ ಬೀಸಿದೆ, ಬಾವಿ ನೀರು ಸೇದಿ ಹೊಸ ಮಾಳಿಗೆಗೆ ಚಿಮುಕಿಸಿದೆ, ಹಾಸಿಗೆಯ ಮೇಲಿನ ಸುಣ್ಣದ ಧೂಳು ಕೊಡವಿದೆ, ಖಾಲಾ, ಅಂದರೆ ಚಿಕ್ಕಮ್ಮ, ಎಂದು ನಾವು ಕರೆಯುತ್ತಿದ್ದ ಪಕ್ಕದ ಮನೆಯ ಹಿರಿಯಾಕೆಯ ಮುಂದೆ ತಲೆ ತಗ್ಗಿಸಿ ನಿಂತೆ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಬೇಸಿಗೆ. ಬಸವಕಲ್ಯಾಣದ ನಮ್ಮ ಮನೆಗೆ ಗಚ್ಚಿನ ಮಾಳಿಗೆ ಹಾಕಿಸುತ್ತಿದ್ದೆವು. ಸುಣ್ಣ, ಇಟ್ಟಿಗೆಪುಡಿ ಕಲಸಿದ ಗಚ್ಚನ್ನು ಹಸಿಯಿರುವಾಗಲೇ ಬಡಿದು ಗಟ್ಟಿ ಮಾಡಬೇಕು. ಹಗಲ ಬಿಸಿಲಿಗೆ ಬಿರಿಯುತ್ತದೆಂದು ರಾತ್ರಿ ಬಡಿಸುತ್ತಿದ್ದೆವು. ಹುಮನಾಬಾದಿನಿಂದ ಬಂದ ಆರು ಹೆಂಗಸರು ಹಿಂದಿನ ರಾತ್ರಿಯೆಲ್ಲ ಹಾಡುತ್ತ ಮರದ ಬಡಿಗೆ ಆಡಿಸಿದ್ದರು. ಗೋಡೆಯಾಚೆ ಖಾಲಾ ಅವರ ಮಗಳು, ಎಂಟು ದಿನದ ಬಾಣಂತಿ.

“ಆಕಿ ಕಣ್ಣೇ ಮುಚ್ಚಿಲ್ಲವ್ವಾ. ಹಾಲು ಕಮ್ಮಿ ಆಗ್ಯಾವ, ಕೂಸು ಅಳ್ಲಾಕತ್ತದ. ಆ ಹಾಡರ ಬಂದ್ ಮಾಡಸು,” ಎಂದರು ಖಾಲಾ.

ಸಂಜೆ ಬಡಿಯುವವರ ಹಿರಿಯಳಿಗೆ ಹೇಳಿದೆ. ಬಡಿಗೆಗೆ ಗೋಣಿಚೀಲ ಸುತ್ತಿದರೆ ಹೇಗೆ ಎಂದೂ ಕೇಳಿದೆ.

“ಚೀಲ ಸುತ್ತಿ ಬಡದ್ರ ಮಳಿಗಾಲದಾಗ ಮಾಳಗಿನೇ ಸೋರಿ ತೊಟ್ ತೊಟ್ ಅಂತ ಹಾಡ್ತದ್ರಿ, ನಿಮ್ಮ ತಲಿ ಮ್ಯಾಲ!” ಎಂದು ನಕ್ಕಳು. ಹಾಡು ಬಿಡಲು ಮಾತ್ರ ಒಪ್ಪಿದಳು.

ಕತ್ತಲಾದ ಮೇಲೆ ಹಾಡಿಲ್ಲದೆ ಕೆಲಸ ಶುರುವಾಯಿತು. ತಾಳ ತಪ್ಪಿ ಒಂದು ಬಡಿಗೆ ಮುಂಚೆ ಬಿದ್ದರೆ ಇನ್ನೊಂದು ತಡವಾಗಿ. ನಡುವೆ ಸುಮ್ಮನೆ, ಮತ್ತೆ ಮೂರು ಒಟ್ಟಿಗೆ. ಸ್ವಲ್ಪ ಹೊತ್ತಿಗೇ ಖಾಲಾ ಗೋಡೆಯ ಮೇಲಿಂದ ಇಣುಕಿದರು.

“ಏನವ್ವಾ, ಮಾಳಗಿ ಮ್ಯಾಲ ಆಡು ಬಿಟ್ಟೀರೇನು?”

“ನೀವೇ ಹಾಡು ಬ್ಯಾಡ ಅಂದ್ರಲ್ಲ ಖಾಲಾ!”

“ಅಂದೆ, ನಂದೇ ತಪ್ಪು. ಒಂದ್ ಏಟು ಬಿದ್ರ, ಇನ್ನೊಂದು ಯಾವಾಗ ಬೀಳ್ತದೋ ಅಂತ ಆಕಿ ಕಾಯ್ಕೋತ ಕುಂತಾಳ. ಹಾಡಸು ತಾಯಿ.”

ಹಿರಿಯಳು ಮೇಲಿಂದಲೇ ಕೂಗಿದಳು: “ಬಾಯಿ ಕಟ್ಟಿದ್ರ ಕೈ ಮಾತ್ ಕೇಳಲ್ರಿ. ಕೂಸು ಹೆಣ್ಣೋ ಗಂಡೋ?”

“ಹೆಣ್ಣು,” ಎಂದರು ಖಾಲಾ.

“ಹಂಗಾದ್ರ ನಿನ್ನಿ ಹಾಡು ಬ್ಯಾಡ, ತೊಟ್ಟಿಲ ಹಾಡು ಹೇಳ್ತೀವಿ. ಕೈ ಸಾವಕಾಶ ಆಗ್ತದ. ಆಮ್ಯಾಲ ಬೈಬ್ಯಾಡ್ರಿ, ಅಕ್ಕಾರ.”

ನಿಧಾನವಾದರೆ ಗಚ್ಚು ಆರೀತೆಂಬ ಅಳುಕು ನನಗೆ. ಆದರೂ ಹೂಂ ಅಂದೆ. ಖಾಲಾ ಅವರ ಗೋಡೆಯ ಕಡೆ ಮೊದಲು ಬಡಿದು ಮುಗಿಸಿ, ಆಮೇಲೆ ದೂರ ಸರಿಯಿರಿ ಎಂದೂ ಹೇಳಿದೆ. ಮೆಲುದನಿಯ ಹಾಡಿಗೆ ಆರು ಬಡಿಗೆ ಒಂದೇ ಆಗಿ ಬೀಳತೊಡಗಿದವು. ಗಚ್ಚು ಆರದಂತೆ ನಾನು ನೀರು ಚಿಮುಕಿಸುತ್ತ ಹಿಂದೆ ಹಿಂದೆ ನಡೆದೆ.

ನಡುರಾತ್ರಿ ಕೈ ತೊಳೆದು ಎಲ್ಲರೂ ಜೋಳದ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ ತಿಂದೆವು. ಬಾಣಂತಿಗೆಂದು ಮಾಡಿದ್ದ ಅಂಟಿನುಂಡಿಯಲ್ಲಿ ಆರನ್ನು ಖಾಲಾ ಗೋಡೆಯ ಮೇಲಿಂದ ಕೊಟ್ಟರು. ಮೊದಲು ಮಲಗಿದ್ದು ಬಾಣಂತಿಯಂತೆ. ಕೂಸು ಮಾತ್ರ ಅಜ್ಜಿಯ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡು ಹಾಡು ಕೇಳುತ್ತಿತ್ತು.