ಸಂಜೆಯ ಕಾಲಿನ ಅಳತೆ

ನಮ್ಮ ಚಿಕ್ಕಮ್ಮ ಬೂಟು ಹೊಲಿಯುವವಳು. ಕೈ ನಿಧಾನ, ಬಾಯಿ ಜೋರು. ಗಿರಾಕಿ ಅವಸರ ಮಾಡಿದರೆ, "ಅಷ್ಟು ಅರ್ಜೆಂಟ್ ಇದ್ರೆ ಬರಿಗಾಲಲ್ಲಿ ಓಡಿ" ಅಂದುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಪತ್ರಿಕೆಯ ಸಂಪಾದಕಿ ಅಂಗಡಿಗೆ ಬಂದರು. ಆ ಪತ್ರಿಕೆಯ ಸಂಪಾದಕರ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರು. ಕೂತರು ಅನ್ನೋದು ಬರೀ ಮಾತಿಗೆ. ಸಂಜೆಯಿಡೀ ಮೇಜಿನ ಪಕ್ಕ ನಿಂತೇ ಪುಟ ತಿದ್ದಬೇಕು, ಆಮೇಲೆ ಮೆಟ್ಟಿಲಿಳಿದು ಅಚ್ಚಿನ ಯಂತ್ರದ ಹತ್ತಿರ ಮೊದಲ ಪ್ರತಿ ನೋಡಬೇಕು. ಇತ್ತೀಚೆಗೆ ಅವರ ಪಾದ ಬಾತುಕೊಳ್ಳುತ್ತಿತ್ತು. ಪತ್ರಿಕೆಯ ಯಜಮಾನರಿಗೆ ಒಂದು ನೆಪ ಬೇಕಿತ್ತು ನೋಡಿ! "ಕೆಳಗಿಳಿಯೋಕೆ ಆಗದೋರು ಕುರ್ಚಿ ಬಿಡಲಿ" ಅಂದಿದ್ದರಂತೆ.

ಚಿಕ್ಕಮ್ಮ ಅಲ್ಲೇ ಅಳತೆ ತೆಗೆದು, ಮೆತ್ತನೆ ಚರ್ಮದಲ್ಲಿ ಬೂಟು ಹೊಲಿದು ಕಳಿಸಿದಳು. ಮಾರನೇ ದಿನವೇ ಪತ್ರಿಕೆಯ ಜವಾನ ಅದನ್ನು ಕೈಯಲ್ಲಿ ಹಿಡಿದು ಬಂದ. "ಕಾಲು ಒಳಗೇ ಹೋಗಲಿಲ್ಲ. ಮೇಡಂ ನಿನ್ನೆ ಬರಿಗಾಲಲ್ಲೇ ಮೆಟ್ಟಿಲಿಳಿದ್ರು. ಯಜಮಾನ್ರು ನಗ್ತಾ ನಿಂತಿದ್ರು."

ಚಿಕ್ಕಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ನನ್ನ ಬುದ್ಧಿಗಿಷ್ಟು! ಅವರು ದುಡಿಯೋದು ಸಂಜೆ. ನಾನು ಅಳತೆ ತೆಗೆದಿದ್ದು ಬೆಳಗಿನ ಕಾಲಿಗೆ" ಎಂದು ಹಣೆ ಚಚ್ಚಿಕೊಂಡಳು. ಅವತ್ತು ಸಂಜೆ ನನ್ನನ್ನೂ ಎಳೆದುಕೊಂಡು ನೇರ ಕಚೇರಿಗೆ ನುಗ್ಗಿ, ಮೇಜಿನ ಕೆಳಗೆ ಕೂತಳು. ಮೇಲೆ ಸಂಪಾದಕಿ ಪುಟ ತಿದ್ದುತ್ತಲೇ ಇದ್ದರು.

"ಏನಮ್ಮಾ, ನನ್ನ ಕಾಲು ಹಿಡೀತಿದ್ದೀಯಾ?"

"ನಾನು ಯಾರ ಕಾಲೂ ಹಿಡಿಯೋಳಲ್ಲ ಮೇಡಂ. ಅಳತೆಗೆ ಮಾತ್ರ. ಅಲ್ಲಾಡಬೇಡಿ."

ಈ ಸಲ ಲೇಸನ್ನು ಮುಂದಿನಿಂದ ಬದಿಗೆ ತಂದಳು, ಅದರಡಿ ಮಡಿಕೆ ಹಾಕಿದ ಚರ್ಮ ಇಟ್ಟಳು. ಪಾದ ಬಾತಷ್ಟೂ ಸಡಿಲಿಸಬಹುದು, ಹಿಮ್ಮಡಿ ಮಾತ್ರ ಜಾರದು. ಮೇಡಂ ತಲೆಗೂದಲು ಪೂರ್ತಿ ಬೆಳ್ಳಗಾಗುವವರೆಗೂ ಅದನ್ನು ಹಾಕಿಕೊಂಡೇ ಆ ಮೆಟ್ಟಿಲಿಳಿದರು. ಯಜಮಾನರು ತೆಪ್ಪಗಾದರು. ನಿಂತು ದುಡಿಯುವ ನರ್ಸುಗಳು, ಟೀಚರುಗಳು 'ಸಂಪಾದಕಿ ಬೂಟು' ಬೇಕೆಂದು ಅಂಗಡಿ ಹುಡುಕಿಕೊಂಡು ಬರತೊಡಗಿದರು.

ಮೇಡಂ ತೀರಿಕೊಂಡ ದಿನ ಅದೇ ಯಜಮಾನರು ಚಿಕ್ಕಮ್ಮನಿಗೆ ಹೇಳಿಕಳಿಸಿದರು. ಪತ್ರಿಕೆಗೆ ಫೋಟೋ ಬೇಕು, ಆ ಹೆಸರಾದ ಬೂಟು ಕಾಲಲ್ಲಿರಬೇಕು, ಯಾರು ತೊಡಿಸಲು ಹೋದರೂ ಕಾಲಿಗೆ ಏರುತ್ತಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಹೋಗಿ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ.

ಅವಳು ನನ್ನ ಜೊತೆ ಮೇಡಂ ಮನೆಗೆ ಹೋದಳು, ಯಜಮಾನರು ಅಲ್ಲೇ ನಿಂತಿದ್ದರು. ಆ ಪಾದಗಳ ಮೇಲೆ ಕೈಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಬೂಟುಗಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಬಿಡಿ ಯಜಮಾನ್ರೇ, ಇವತ್ತು ಅವರು ನಿಲ್ಲಬೇಕಾಗಿಲ್ಲ" ಎಂದು ಪಾದದ ಮೇಲೆ ಹೊದಿಕೆ ಎಳೆದಳು.